ಕ್ಯಾಮೆರಾ ಇಲಿಯನ್ನು ಅಳೆಯುವುದು ಹೇಗೆ? ‘ಇಲಿಗಳ ಮೇಲೆ ಸಾಬೀತಾಗಿದೆ’ ಎಂಬ ಫಾರ್ವರ್ಡ್ ಕಳಿಸುವ ಮುನ್ನ

ಇಲಿಗೆ ಸಂಬಂಧಿಸಿದ ಎರಡು ಬಗೆಯ ಫಾರ್ವರ್ಡ್‌ಗಳು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಮೊದಲನೆಯದು ವಿಡಿಯೊ. ಗೋದಾಮಿನ ಮೂಲೆಯಲ್ಲಿ ಪುಟ್ಟ ಯಂತ್ರವೊಂದಕ್ಕೆ ಸ್ವಿಚ್ ಹಾಕುತ್ತಾರೆ, ಇಲಿ ದಿಕ್ಕೆಟ್ಟು ಓಡುತ್ತದೆ. ‘ಈ ಶಬ್ದ ಮನುಷ್ಯರಿಗೆ ಕೇಳಿಸುವುದಿಲ್ಲ, ಇಲಿಗಳು ಮಾತ್ರ ಜಾಗ ಖಾಲಿ ಮಾಡುತ್ತವೆ’ ಎಂಬ ಸಾಲು ಕೆಳಗಿರುತ್ತದೆ. ಯಂತ್ರ ಬೇಡದವರಿಗೆ ಅದೇ ಶಬ್ದದ ಮೊಬೈಲ್ ಆ್ಯಪ್ ಕೂಡ ಉಂಟು. ಎರಡನೆಯದು ಪರೀಕ್ಷೆಯ ದಿನಗಳು ಹತ್ತಿರವಾದಾಗ ಬರುವ ಬರಹ: ‘ಈ ಸೊಪ್ಪಿನ ರಸ ಕುಡಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ, ವಿಜ್ಞಾನಿಗಳು ಇಲಿಗಳ ಮೇಲೆ ಸಾಬೀತು ಮಾಡಿದ್ದಾರೆ.’

ಮೊದಲನೆಯದನ್ನು ನಂಬಿ ದುಡ್ಡು ಕಳೆದುಕೊಳ್ಳುವವರು ಭತ್ತ ಬೆಳೆಯುವವರು, ದಾಸ್ತಾನು ಇಡುವವರು. ತುಂಗಭದ್ರೆಯ ದಂಡೆಯ ಮುಕ್ಕುಂದವಿರಲಿ, ಎಡದಂಡೆ ಕಾಲುವೆಯ ನೀರು ನೆಚ್ಚಿದ ಸಿಂಧನೂರು ಭಾಗದ ಉಳಿದ ಊರುಗಳಿರಲಿ, ಗದ್ದೆಯ ಬದುವಿನಲ್ಲಿ ಇಲಿ ಬಿಲ ತೋಡಿದರೆ ಏನಾಗುತ್ತದೆ ಎಂದು ಅಲ್ಲಿಯವರಿಗೆ ನಾವು ಹೇಳಬೇಕಿಲ್ಲ. ಎರಡನೆಯದನ್ನು ನಂಬಿದರೆ ಮಗುವಿನ ಹೊಟ್ಟೆಗೆ ಏನೋ ಒಂದು ಹೋಗುತ್ತದೆ. ಹಾಗಾಗಿ ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ಇಲಿ ಏನು ಮಾಡಿತು ಎಂಬುದನ್ನು ಅಳೆದವರು ಯಾರು, ಅಳೆದದ್ದು ಹೇಗೆ?

ಪ್ರಯೋಗಾಲಯಗಳಲ್ಲಿ ಈ ಅಳತೆಯನ್ನು ಇಂದು ಹೆಚ್ಚಾಗಿ ಕ್ಯಾಮೆರಾ ಮತ್ತು ಕಂಪ್ಯೂಟರ್ ಮಾಡುತ್ತವೆ. ಇಲಿ ಓಡಾಡುವುದನ್ನು ಮೇಲಿನಿಂದ ಚಿತ್ರೀಕರಿಸಿ, ಪ್ರತಿ ಕ್ಷಣ ಅದು ಎಲ್ಲಿತ್ತು ಎಂದು ಲೆಕ್ಕ ಹಾಕುವ ಈ ವಿಧಾನಕ್ಕೆ ವಿಡಿಯೊ ಟ್ರ್ಯಾಕಿಂಗ್ ಎನ್ನುತ್ತಾರೆ. ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ಒಮ್ಮೆ ತಿಳಿದರೆ ಮೇಲಿನ ಎರಡೂ ಫಾರ್ವರ್ಡ್‌ಗಳ ಒಳಗುಟ್ಟು ಗೊತ್ತಾಗುತ್ತದೆ.

ಒಂದು ಸಣ್ಣ ಮಾತು. ಕನ್ನಡದಲ್ಲಿ ನಾವು ದೊಡ್ಡದನ್ನೂ ಸಣ್ಣದನ್ನೂ ಇಲಿ ಎಂದೇ ಕರೆಯುತ್ತೇವೆ. ವಿಜ್ಞಾನಿಗಳಿಗೆ ರ್‍ಯಾಟ್ ಬೇರೆ, ಮೌಸ್ ಬೇರೆ. ಎರಡೂ ಬೇರೆ ಬೇರೆ ಪ್ರಾಣಿಗಳು, ಒಂದರ ಫಲಿತಾಂಶ ಇನ್ನೊಂದಕ್ಕೆ ತಾನಾಗಿಯೇ ಅನ್ವಯಿಸುವುದಿಲ್ಲ. ಗದ್ದೆಯ ಇಲಿ, ಹೆಗ್ಗಣಗಳು ಇವೆರಡರಿಂದಲೂ ಬೇರೆ. ಈ ಬರಹದಲ್ಲಿ ಮೌಸ್ ಬಂದಾಗ ‘ಸಣ್ಣ ಇಲಿ’ ಎನ್ನುತ್ತೇವೆ.

ಸ್ಟಾಪ್‌ವಾಚ್ ಹಿಡಿದು ಕೂತ ಕಾಲ

ಕ್ಯಾಮೆರಾ ಬರುವ ಮೊದಲೂ ಇಲಿಗಳನ್ನು ಅಳೆಯುತ್ತಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಯಾಲ್ವಿನ್ ಹಾಲ್ 1934ರಲ್ಲಿ ಒಂದು ಸರಳ ಪರೀಕ್ಷೆಯನ್ನು ವಿವರಿಸಿದರು: ಇಲಿಯನ್ನು ಗೋಡೆಯಿರುವ ಬಯಲಿನಂಥ ಜಾಗಕ್ಕೆ ಬಿಡುವುದು, ಅದು ಎಷ್ಟು ಓಡಾಡಿತು, ಎಷ್ಟು ಹಿಕ್ಕೆ ಹಾಕಿತು ಎಂದು ನೋಡುವುದು. ಹೊಸ ಜಾಗಕ್ಕೆ ಹೆದರಿದ ಇಲಿ ಹೆಚ್ಚು ಹಿಕ್ಕೆ ಹಾಕುತ್ತದೆ, ಗೋಡೆಗೆ ಅಂಟಿಕೊಂಡು ನಡೆಯುತ್ತದೆ. ಇದಕ್ಕೆ ‘ಓಪನ್ ಫೀಲ್ಡ್’ ಪರೀಕ್ಷೆ ಎಂದು ಹೆಸರು, ಇಂದಿಗೂ ಬಳಕೆಯಲ್ಲಿದೆ.

ಆಗ ನೆಲದ ಮೇಲೆ ಚೌಕಗಳ ಗೆರೆ ಎಳೆದು, ಇಲಿ ಎಷ್ಟು ಗೆರೆ ದಾಟಿತು ಎಂದು ಒಬ್ಬರು ಕೂತು ಎಣಿಸುತ್ತಿದ್ದರು. ಕೈಯಲ್ಲಿ ಸ್ಟಾಪ್‌ವಾಚ್, ಪಕ್ಕದಲ್ಲಿ ನೋಟ್‌ಬುಕ್. ಇಪ್ಪತ್ತನೆಯ ಇಲಿಯ ಹೊತ್ತಿಗೆ ಕಣ್ಣು ದಣಿಯುತ್ತದೆ, ಎಣಿಸುವವರು ಬದಲಾದರೆ ಎಣಿಕೆಯೂ ಬದಲಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಯಾವ ಇಲಿಗೆ ಔಷಧ ಕೊಟ್ಟಿದೆ ಎಂದು ಎಣಿಸುವವರಿಗೆ ಗೊತ್ತಿದ್ದರೆ, ಮೋಸ ಮಾಡುವ ಮನಸ್ಸಿಲ್ಲದಿದ್ದರೂ ಕಣ್ಣು ತನಗೆ ಬೇಕಾದ ಕಡೆಗೆ ವಾಲುತ್ತದೆ. ದಣಿಯದ, ಪಕ್ಷಪಾತವಿಲ್ಲದ ಕಣ್ಣು ಬೇಕಾಗಿತ್ತು. 1990ರ ದಶಕದಲ್ಲಿ ಇದಕ್ಕೆಂದೇ ತಯಾರಾದ ಸಾಫ್ಟ್‌ವೇರ್‌ಗಳು ಮಾರುಕಟ್ಟೆಗೆ ಬಂದವು. ನೆದರ್ಲೆಂಡ್ಸ್‌ನ ನೋಲ್ಡಸ್ ಕಂಪನಿಯ ‘ಎಥೋವಿಷನ್’ ಅವುಗಳಲ್ಲಿ ಹೆಸರುವಾಸಿ.

ಇಲಿ ಒಂದು ಚುಕ್ಕೆಯಾಗುವುದು

ಕಂಪ್ಯೂಟರಿಗೆ ಇಲಿ ಎಂದರೆ ಏನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೆಳಕು ಮತ್ತು ಕತ್ತಲು ಮಾತ್ರ. ಆದ್ದರಿಂದ ಮೊದಲು ಖಾಲಿ ಪೆಟ್ಟಿಗೆಯ ಒಂದು ಚಿತ್ರ ತೆಗೆದಿಟ್ಟುಕೊಳ್ಳುತ್ತಾರೆ. ಇಲಿಯನ್ನು ಒಳಗೆ ಬಿಟ್ಟ ಮೇಲೆ ಬರುವ ಪ್ರತಿಯೊಂದು ಚಿತ್ರದಿಂದಲೂ ಆ ಖಾಲಿ ಚಿತ್ರವನ್ನು ಕಳೆದರೆ, ಉಳಿಯುವ ಕಲೆಯೇ ಇಲಿ. ಆ ಕಲೆಯ ನಡುಬಿಂದುವನ್ನು ಲೆಕ್ಕ ಹಾಕಿ ಒಂದು ಚುಕ್ಕೆ ಇಡುತ್ತಾರೆ. ಸೆಕೆಂಡಿಗೆ 25 ಅಥವಾ 30 ಚಿತ್ರಗಳಂತೆ ಚುಕ್ಕೆಗಳನ್ನು ಜೋಡಿಸುತ್ತಾ ಹೋದರೆ ಇಲಿ ನಡೆದ ದಾರಿ ಸಿಗುತ್ತದೆ. ಪೆಟ್ಟಿಗೆಯ ಉದ್ದ ಎಷ್ಟು ಸೆಂಟಿಮೀಟರ್ ಎಂದು ಮೊದಲೇ ಹೇಳಿಕೊಟ್ಟಿದ್ದರೆ ದೂರ, ವೇಗ, ನಿಂತ ಹೊತ್ತು, ಯಾವ ಮೂಲೆಯಲ್ಲಿ ಎಷ್ಟು ಸೆಕೆಂಡ್ ಎಂಬೆಲ್ಲ ಲೆಕ್ಕ ತಾನಾಗಿಯೇ ಬರುತ್ತದೆ.

ಕೇಳಲು ಸುಲಭ, ಮಾಡಲು ಕಿರಿಕಿರಿ. ಬಿಳಿ ಇಲಿಯನ್ನು ಬಿಳಿ ನೆಲದ ಮೇಲೆ ಬಿಟ್ಟರೆ ಕಂಪ್ಯೂಟರಿಗೆ ಇಲಿಯೇ ಕಾಣುವುದಿಲ್ಲ. ದೀಪ ಓರೆಯಾಗಿದ್ದರೆ ನೆರಳನ್ನೂ ಇಲಿ ಎಂದುಕೊಳ್ಳುತ್ತದೆ. ನೆಲ ಹೊಳೆಯುತ್ತಿದ್ದರೆ ಪ್ರತಿಬಿಂಬವೂ ಇಲಿ. ಪೆಟ್ಟಿಗೆ ಒರೆಸಲು ಚಾಚಿದ ಕೈಯೂ ಇಲಿ. ಇಲಿ ಹಾಕಿದ ಹಿಕ್ಕೆಯನ್ನೇ ಹಿಡಿದುಕೊಂಡು, ‘ಪ್ರಾಣಿ ಅಲುಗಾಡದೆ ಕೂತಿದೆ’ ಎಂದು ವರದಿ ಕೊಡುವ ಸಾಧ್ಯತೆಯೂ ಇದೆ. ಅದಕ್ಕಾಗಿಯೇ ಒಳ್ಳೆಯ ಪ್ರಯೋಗಾಲಯದಲ್ಲಿ ಚುಕ್ಕೆಯ ದಾರಿಯನ್ನು ಮೂಲ ವಿಡಿಯೊ ಮೇಲೆ ಇಟ್ಟು ಒಬ್ಬರು ಕಣ್ಣಾರೆ ನೋಡಿಯೇ ಮುಂದೆ ಹೋಗುತ್ತಾರೆ.

ಒಂದು ತಪ್ಪಂತೂ ಕಣ್ಣಿಗೂ ಕಾಣುವುದಿಲ್ಲ, ಲೆಕ್ಕದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಇಲಿ ಒಂದೇ ಕಡೆ ಸುಮ್ಮನೆ ಕೂತಿದೆ ಎನ್ನಿ. ಅದು ಉಸಿರಾಡುತ್ತದೆ, ಬೆಳಕು ಸ್ವಲ್ಪ ಮಿನುಗುತ್ತದೆ, ಕಲೆಯ ಅಂಚು ಹಿಂದೆ ಮುಂದೆ ಆಗುತ್ತದೆ. ಇದರಿಂದ ನಡುಬಿಂದು ಪ್ರತಿ ಚಿತ್ರದಲ್ಲೂ ಒಂದು ಮಿಲಿಮೀಟರ್ ಅಲುಗಿತು ಎಂದುಕೊಳ್ಳೋಣ. ಸೆಕೆಂಡಿಗೆ 30 ಚಿತ್ರ, ಐದು ನಿಮಿಷಕ್ಕೆ 9,000 ಚಿತ್ರ. ಅಂದರೆ ಕೂತಲ್ಲೇ ಕೂತ ಇಲಿ 9 ಮೀಟರ್ ನಡೆದಿದೆ ಎಂದು ಕಂಪ್ಯೂಟರ್ ಹೇಳುತ್ತದೆ! ಆದ್ದರಿಂದ ‘ಇಷ್ಟು ದೂರಕ್ಕಿಂತ ಕಡಿಮೆ ಅಲುಗಿದರೆ ನಡೆದಂತಲ್ಲ’ ಎಂಬ ಒಂದು ಗಡಿಯನ್ನು ಮೊದಲೇ ಹಾಕಿಕೊಳ್ಳಬೇಕು. ಆ ಗಡಿ ಎಲ್ಲಿರಬೇಕು ಎಂದು ತೀರ್ಮಾನಿಸುವವರು ಮನುಷ್ಯರೇ. ಫಲಿತಾಂಶ ನೋಡಿದ ಮೇಲೆ ಗಡಿಯನ್ನು ಆಚೀಚೆ ಸರಿಸಿದರೆ ಸ್ಟಾಪ್‌ವಾಚ್ ಕಾಲದ ಪಕ್ಷಪಾತವೇ ಹಿಂಬಾಗಿಲಿನಿಂದ ಒಳಬಂದಂತೆ.

ಬೆಂಗಳೂರಿನ ಇಲಿಗಳು ಕಲಿಸಿದ್ದು

ಈ ಬಗೆಯ ಅಳತೆ ಸರಿಯಾಗಿ ನಡೆದರೆ ಎಂಥ ವಿಷಯ ಹೊರಬರಬಹುದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿಯೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಇದೆ. ಅಲ್ಲಿ ಉಪಿಂದರ್ ಭಲ್ಲಾ ಅವರ ತಂಡ ಇಲಿಯ ಮೂಗಿನ ಬೆನ್ನು ಹತ್ತಿತ್ತು.

2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, ವಾಸನೆ ಎಡದಿಂದ ಬಂತೋ ಬಲದಿಂದ ಬಂತೋ ಎಂಬುದನ್ನು ಇಲಿ ಒಂದೆರಡು ಸಲ ಮೂಸುವಷ್ಟರಲ್ಲಿ ಹೇಳಬಲ್ಲದು. ನಮ್ಮ ಎರಡು ಕಿವಿಗಳು ಶಬ್ದದ ದಿಕ್ಕು ಹೇಳುವಂತೆ, ಅದರ ಎರಡು ಹೊಳ್ಳೆಗಳು ವಾಸನೆಯ ದಿಕ್ಕು ಹೇಳುತ್ತವೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು 2012ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಬಂದ ಅದೇ ಪ್ರಯೋಗಾಲಯದ ಕೆಲಸ. ಜಿಮ್‌ನಲ್ಲಿ ಇರುತ್ತದಲ್ಲ, ಅಂಥ ಟ್ರೆಡ್‌ಮಿಲ್ ಮೇಲೆ ಕಾಗದದ ಸುರುಳಿ ಬಿಚ್ಚುತ್ತಾ ಹೋಗುತ್ತದೆ. ಕಾಗದದ ಮೇಲೆ ವಾಸನೆಯ ಗೆರೆ ಎಳೆದಿರುತ್ತದೆ. ಆ ಗೆರೆಯನ್ನು ಮೂಸುತ್ತಾ ಸಾಗುವುದು ಇಲಿಗೆ ಕಲಿಸಿದ ಕೆಲಸ. ಇಲಿ ಗೆರೆಯಿಂದ ಸುಮಾರು ಒಂದು ಸೆಂಟಿಮೀಟರ್ ಅಂತರದೊಳಗೇ ಸಾಗಿತು. ಒಂದು ಹೊಳ್ಳೆ ಮುಚ್ಚಿದಾಗ ಆ ನಿಖರತೆ ಕಡಿಮೆಯಾಯಿತು. ಗೆರೆ ನಡುವೆ ತುಂಡಾಗಿದ್ದರೆ ಇಲಿ ಸುಮ್ಮನೆ ನಿಲ್ಲಲಿಲ್ಲ, ಎಡಕ್ಕೂ ಬಲಕ್ಕೂ ಅಗಲವಾಗಿ ಮೂಗು ಬೀಸುತ್ತಾ ಹುಡುಕಿತು. ಗೆರೆ ಮತ್ತೆ ಸಿಕ್ಕಿದ್ದನ್ನು ಒಂದೆರಡು ಮೂಸಿನಲ್ಲೇ ಗುರುತಿಸಿತು. ಸೆಂಟಿಮೀಟರ್ ಲೆಕ್ಕದ, ಕ್ಷಣದೊಳಗೆ ಮುಗಿಯುವ ಇಂಥ ಚಲನೆಯನ್ನು ಬರೀ ಕಣ್ಣಿನಿಂದ ನೋಡಿ ಬರೆದಿಡಲು ಯಾರಿಂದಲೂ ಆಗುವುದಿಲ್ಲ. ಗದ್ದೆಯಲ್ಲಿ ವಿಷ ಬೆರೆಸಿದ ಕಾಳನ್ನು ಇಲಿ ಹೇಗೆ ಪತ್ತೆ ಹಚ್ಚುತ್ತದೆ ಎಂದು ತಲೆ ಕೆರೆದುಕೊಂಡವರಿಗೆ ಈ ಮೂಗಿನ ಮೇಲೆ ಸ್ವಲ್ಪ ಗೌರವ ಮೂಡಿದರೆ ಅದು ತಪ್ಪಲ್ಲ.

ಅದೇ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಮಾನಸಿಕ ಒತ್ತಡದ ಬಗ್ಗೆ ಕೆಲಸ ಮಾಡಿತು. ಬೆಂಗಳೂರಿನ ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೂ ಸೇರಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಜಗತ್ತಿನಾದ್ಯಂತ ಉಲ್ಲೇಖವಾಗುತ್ತದೆ. ದೀರ್ಘಕಾಲದ ಒತ್ತಡದಿಂದ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗದ ನರಕೋಶಗಳ ಕವಲುಗಳು ಕುಗ್ಗಿದವು, ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಮಾತ್ರ ಅದೇ ಕವಲುಗಳು ಬೆಳೆದವು. 2005ರಲ್ಲಿ ಅವರ ತಂಡ ಇನ್ನೊಂದು ವಿಷಯ ತೋರಿಸಿತು. ಇಲಿಯನ್ನು ಒಂದೇ ಒಂದು ಬಾರಿ, ಎರಡು ಗಂಟೆ ಅಲುಗಾಡದಂತೆ ಇಟ್ಟರೆ ಮರುದಿನ ಅದರ ನಡವಳಿಕೆಯಲ್ಲಿ ಏನೂ ವ್ಯತ್ಯಾಸವಿಲ್ಲ. ಹತ್ತು ದಿನಗಳ ನಂತರ ನೋಡಿದರೆ ಆತಂಕದ ಲಕ್ಷಣ ಎದ್ದು ಕಾಣುತ್ತದೆ. ಪೆಟ್ಟು ಬಿದ್ದ ದಿನ ಸುಮ್ಮನಿದ್ದು ಆಮೇಲೆ ಕಾಡುವ ಗಾಯದಂತೆ.

ಇಲಿಗೆ ಆತಂಕ ಎಂದು ಹೇಳುವುದು ಹೇಗೆ? ಅದು ಬಾಯಿ ಬಿಟ್ಟು ಹೇಳುವುದಿಲ್ಲವಲ್ಲ.

ಇಲಿಯ ಆತಂಕವನ್ನು ಅಳೆಯಲು ಸೆಕೆಂಡ್‌ಗಳು

ಇದಕ್ಕೆ ಬಹಳ ಬಳಕೆಯಲ್ಲಿರುವ ಸಲಕರಣೆ ನೆಲದಿಂದ ಎತ್ತರದಲ್ಲಿಟ್ಟ, ಕೂಡಿಸುವ ಚಿಹ್ನೆಯ ಆಕಾರದ ಹಲಗೆ. ನಾಲ್ಕು ತೋಳುಗಳಲ್ಲಿ ಎದುರುಬದುರಾದ ಎರಡಕ್ಕೆ ಅಕ್ಕಪಕ್ಕ ಗೋಡೆ ಇದೆ, ಉಳಿದೆರಡಕ್ಕೆ ಇಲ್ಲ. ಇಲಿಗೆ ಬಯಲು ಮತ್ತು ಎತ್ತರ ಕಂಡರೆ ಆಗದು, ಆದರೆ ಹೊಸ ಜಾಗ ನೋಡುವ ಕುತೂಹಲವೂ ಬಿಡದು. ಧೈರ್ಯವಿದ್ದರೆ ಗೋಡೆಯಿಲ್ಲದ ತೋಳಿಗೆ ಹೋಗುತ್ತದೆ, ಇಲ್ಲದಿದ್ದರೆ ಗೋಡೆಯ ನಡುವೆ ಉಳಿಯುತ್ತದೆ. ಆತಂಕಕ್ಕೆ ವೈದ್ಯರು ಮನುಷ್ಯರಿಗೆ ಬರೆಯುವ ಡಯಾಜೆಪಾಮ್ ಜಾತಿಯ ಔಷಧ ಕೊಟ್ಟಾಗ ಇಲಿಗಳು ಬಯಲು ತೋಳಿನಲ್ಲಿ ಹೆಚ್ಚು ಹೊತ್ತು ಕಳೆದವು. 1980ರ ದಶಕದಲ್ಲಿ ಇಂಥ ಫಲಿತಾಂಶಗಳ ಆಧಾರದ ಮೇಲೆಯೇ ಈ ಪರೀಕ್ಷೆಗೆ ಮಾನ್ಯತೆ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲಿ. ಕ್ಯಾಮೆರಾ ಅಳೆದದ್ದು ‘ಬಯಲು ತೋಳಿನಲ್ಲಿ ಇಷ್ಟು ಸೆಕೆಂಡ್’ ಎಂಬುದನ್ನು. ‘ಆತಂಕ’ ಎಂಬ ಪದ ಅದಕ್ಕೆ ನಾವು ಕೊಟ್ಟ ಅರ್ಥ. ಆ ಎರಡರ ನಡುವೆ ಒಂದು ಸೇತುವೆ ಇದೆ, ಸೇತುವೆ ಗಟ್ಟಿಯಾಗಿದೆಯೇ ಎಂದು ಪ್ರತಿ ಸಲವೂ ನೋಡಬೇಕು. ಗಂಭೀರ ಸಂಶೋಧಕರು ಬರೆಯುವಾಗ ‘ಆತಂಕದಂಥ ನಡವಳಿಕೆ’ ಎನ್ನುತ್ತಾರೆ. ಆ ‘ಅಂಥ’ ಎಂಬ ಪದ ಫಾರ್ವರ್ಡ್ ಆಗುವಾಗ ಉದುರಿಹೋಗುತ್ತದೆ.

ಉದಾಹರಣೆಗೆ, ಯಾವುದೋ ಪುಡಿ ತಿಂದ ಇಲಿ ಬಯಲು ತೋಳಿಗೆ ಹೆಚ್ಚು ಬಾರಿ ಹೋಯಿತು ಎನ್ನಿ. ಆತಂಕ ಕಡಿಮೆಯಾಯಿತೇ, ಅಥವಾ ಆ ಪುಡಿಯಲ್ಲಿ ಚುರುಕುಗೊಳಿಸುವ ಅಂಶವಿದ್ದು ಎಲ್ಲ ಕಡೆಗೂ ಹೆಚ್ಚು ಓಡಾಡಿತೇ? ಗೋಡೆಯ ತೋಳಿಗೆ ಎಷ್ಟು ಬಾರಿ ಹೋಯಿತು, ಒಟ್ಟು ಎಷ್ಟು ದೂರ ನಡೆಯಿತು ಎಂದು ನೋಡಿದರೆ ಮಾತ್ರ ತಿಳಿಯುತ್ತದೆ. ತೋಳಿಗೆ ‘ಹೋದದ್ದು’ ಎಂದರೆ ಏನೆಂಬುದೂ ಮುಖ್ಯ. ನಾಲ್ಕೂ ಪಾದ ಒಳಗಿರಬೇಕು ಎಂದು ಹಲವರು ಎಣಿಸುತ್ತಾರೆ. ಕಂಪ್ಯೂಟರ್ ಬರೀ ನಡುಬಿಂದುವನ್ನು ನೋಡುತ್ತದೆ. ಇಲಿ ಗೋಡೆಯ ಮರೆಯಲ್ಲಿ ಹಿಂಗಾಲು ಊರಿ, ಮೈಯನ್ನು ಮುಂದೆ ಚಾಚಿ ಬಯಲನ್ನು ಇಣುಕಿದರೆ ಕೆಲವೊಮ್ಮೆ ನಡುಬಿಂದು ಗೆರೆ ದಾಟಿಬಿಡುತ್ತದೆ. ಅದು ಹೆದರಿದ ಇಲಿಯ ಭಂಗಿ, ಲೆಕ್ಕದಲ್ಲಿ ಮಾತ್ರ ಧೈರ್ಯವಂತ!

ನೆನಪಿನ ವಿಷಯದಲ್ಲೂ ಹೀಗೆಯೇ. ಬ್ರಿಟನ್ನಿನ ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ನೀರಿನ ತೊಟ್ಟಿಯ ಪರೀಕ್ಷೆ ಇದಕ್ಕೆ ಪ್ರಸಿದ್ಧ. ತಳ ಕಾಣದಂತೆ ಹಾಲು ಬೆರೆಸಿದ ನೀರು, ಅದರೊಳಗೆ ಮುಳುಗಿದ ಒಂದು ಸಣ್ಣ ಕಟ್ಟೆ. ಇಲಿ ಈಜಿ ಈಜಿ ಕಟ್ಟೆಯ ಜಾಗ ಕಲಿಯುತ್ತದೆ. ದಿನದಿನಕ್ಕೆ ಬೇಗ ತಲುಪಿದರೆ ಕಲಿತಿದೆ ಎಂದರ್ಥ. ಆದರೆ ಬೇಗ ತಲುಪಿದ್ದು ದಾರಿ ನೆನಪಿದ್ದದ್ದರಿಂದಲೋ, ಈಜುವ ವೇಗ ಹೆಚ್ಚಿದ್ದರಿಂದಲೋ? ಗಡಿಯಾರವೊಂದೇ ಇದ್ದರೆ ಹೇಳಲಾಗದು. ದಾರಿಯ ಉದ್ದವನ್ನೂ ವೇಗವನ್ನೂ ಬೇರೆ ಬೇರೆಯಾಗಿ ಕೊಡುವ ವಿಡಿಯೊ ಟ್ರ್ಯಾಕಿಂಗ್ ಇದ್ದರೆ ಹೇಳಬಹುದು. ಕೊನೆಗೆ ಕಟ್ಟೆಯನ್ನೇ ತೆಗೆದುಬಿಟ್ಟು, ಇಲಿ ಹಳೆಯ ಜಾಗದ ಸುತ್ತಲೇ ಹುಡುಕುತ್ತದೆಯೇ ಎಂದು ನೋಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಇಡೀ ಪರೀಕ್ಷೆಯಲ್ಲಿ ಅತಿ ನಂಬಿಕೆಗೆ ಅರ್ಹವಾದ ಭಾಗ ಇದು.

ಒಂದೆಲಗದ ಫಾರ್ವರ್ಡ್

ಒಂದೆಲಗ ಅಥವಾ ಬ್ರಾಹ್ಮಿ ಎಂದು ನಮ್ಮಲ್ಲಿ ಕರೆಯುವ ಸೊಪ್ಪಿನ ಮೇಲೆ ಕರ್ನಾಟಕದಲ್ಲಿಯೇ ನಿಜವಾದ ಕೆಲಸ ನಡೆದಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಸಂಶೋಧಕರು, ಬೆಳೆಯುವ ವಯಸ್ಸಿನ ಇಲಿಮರಿಗಳಿಗೆ ಒಂದೆಲಗದ ಎಲೆಯ ರಸ ಕೊಟ್ಟಾಗ ಹಿಪ್ಪೊಕ್ಯಾಂಪಸ್‌ನ ಒಂದು ಭಾಗದಲ್ಲಿ ನರಕೋಶಗಳ ಕವಲುಗಳು ಹೆಚ್ಚಿದ್ದನ್ನು 2006ರಲ್ಲಿ ಪ್ರಕಟಿಸಿದರು. ಹಾಗಾಗಿ ‘ಇಲಿಗಳ ಮೇಲೆ ಅಧ್ಯಯನವಾಗಿದೆ’ ಎಂಬ ಮಾತು ಸುಳ್ಳಲ್ಲ.

‘ಆದ್ದರಿಂದ ನಿಮ್ಮ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚು ಅಂಕ’ ಎಂಬ ಮುಂದಿನ ಮಾತು ಮಾತ್ರ ಆ ಅಧ್ಯಯನದಲ್ಲಿ ಇಲ್ಲ. ಇಲಿಮರಿಯ ಕೆಲವು ವಾರಗಳಿಗೂ ಮಗುವಿನ ಹಲವು ವರ್ಷಗಳಿಗೂ, ತೂಕಕ್ಕೆ ತಕ್ಕಂತೆ ಅಳೆದು ಕೊಟ್ಟ ತಾಜಾ ರಸಕ್ಕೂ ಅಂಗಡಿಯ ಡಬ್ಬಿಯ ಪುಡಿಗೂ, ಪ್ರಯೋಗಾಲಯದ ಇಲಿಯ ಕಲಿಕೆಗೂ ಎಸ್ಸೆಸ್ಸೆಲ್ಸಿ ಗಣಿತಕ್ಕೂ ನಡುವೆ ದೊಡ್ಡ ದೊಡ್ಡ ಕಂದಕಗಳಿವೆ. ತಂಬುಳಿ ಮಾಡಿ ಉಣ್ಣುವವರು ಉಣ್ಣಲಿ, ಅದಕ್ಕೆ ನಮ್ಮ ತಕರಾರಿಲ್ಲ. ಸಾಂದ್ರ ರಸ, ಮಾತ್ರೆ, ಪುಡಿಗಳನ್ನು ದಿನವೂ ಮಗುವಿಗೆ ಕೊಡುವ ಮುನ್ನ ವೈದ್ಯರನ್ನು ಕೇಳಿ.

ಒಂದೇ ಇಲಿ, ಮೂರು ಊರು

ಅಳತೆ ಎಷ್ಟೇ ನಿಖರವಾಗಿರಲಿ, ಇಲಿ ಯಂತ್ರವಲ್ಲ. 1999ರಲ್ಲಿ ಉತ್ತರ ಅಮೆರಿಕದ ಆಲ್ಬನಿ, ಎಡ್ಮಂಟನ್, ಪೋರ್ಟ್‌ಲೆಂಡ್ ಎಂಬ ಮೂರು ಊರುಗಳ ವಿಜ್ಞಾನಿಗಳು ಸೇರಿ ಒಂದು ಪ್ರಯೋಗ ಮಾಡಿದರು. ಒಂದೇ ತಳಿಗಳ ಸಣ್ಣ ಇಲಿಗಳು, ಒಂದೇ ಬಗೆಯ ಸಲಕರಣೆ, ಒಂದೇ ಕಾರ್ಯಕ್ರಮ. ಸಾಧ್ಯವಾದಷ್ಟೂ ಎಲ್ಲವನ್ನೂ ಸರಿಸಮ ಮಾಡಿದರು. ಆದರೂ ಕೆಲವು ಪರೀಕ್ಷೆಗಳಲ್ಲಿ ಊರಿಂದೂರಿಗೆ ಫಲಿತಾಂಶ ಬೇರೆಯಾಯಿತು.

ಕಾರಣಗಳು ಎಷ್ಟು ಸೂಕ್ಷ್ಮವಾಗಿರಬಹುದು ಎಂಬುದಕ್ಕೆ 2014ರ ಕೆನಡಾದ ಒಂದು ಅಧ್ಯಯನ ನೋಡಿ. ಪ್ರಯೋಗ ಮಾಡುವವರು ಗಂಡಸಾದರೆ ಇಲಿಗಳಿಗೆ ಒತ್ತಡ ಹೆಚ್ಚಿ, ನೋವಿಗೆ ಅವು ತೋರುವ ಪ್ರತಿಕ್ರಿಯೆ ಕಡಿಮೆಯಾಗುತ್ತಿತ್ತು. ಗಂಡಸು ತೊಟ್ಟು ಬಿಚ್ಚಿದ ಟೀ ಶರ್ಟನ್ನು ಕೋಣೆಯಲ್ಲಿಟ್ಟರೂ ಸಾಕು, ಅದೇ ಪರಿಣಾಮ. ಕ್ಯಾಮೆರಾಗೆ ವಾಸನೆ ತಿಳಿಯುವುದಿಲ್ಲ. ಆದ್ದರಿಂದಲೇ ಒಂದು ಪ್ರಯೋಗಾಲಯದ, ಒಂದು ಸಲದ ಫಲಿತಾಂಶವನ್ನು ‘ಸಾಬೀತು’ ಎನ್ನುವುದು ಅವಸರ.

ಚುಕ್ಕೆಯಿಂದ ಮೂಗು, ಕಿವಿ, ಪಾದಗಳವರೆಗೆ

2018ರಲ್ಲಿ ‘ಡೀಪ್‌ಲ್ಯಾಬ್‌ಕಟ್’ ಎಂಬ ಉಚಿತ ಸಾಫ್ಟ್‌ವೇರ್ ಬಂದ ಮೇಲೆ ಚುಕ್ಕೆಯ ಕಾಲ ಬದಲಾಯಿತು. ಸುಮಾರು ಇನ್ನೂರು ಚಿತ್ರಗಳಲ್ಲಿ ಮೂಗು ಇಲ್ಲಿ, ಕಿವಿ ಇಲ್ಲಿ, ಬಾಲದ ಬುಡ ಇಲ್ಲಿ ಎಂದು ಮನುಷ್ಯರು ಗುರುತು ಹಾಕಿಕೊಟ್ಟರೆ ಸಾಕು, ಉಳಿದ ಸಾವಿರಾರು ಚಿತ್ರಗಳಲ್ಲಿ ಕಂಪ್ಯೂಟರ್ ತಾನೇ ಗುರುತಿಸುತ್ತದೆ. ಇಲಿಯ ಮೈಗೆ ಬಣ್ಣ ಬಳಿಯಬೇಕಿಲ್ಲ. ಗೋಡೆಯ ಮರೆಯಿಂದ ಇಣುಕುವ ಇಲಿಯ ಸಮಸ್ಯೆಯನ್ನು ಈಗ ಬಹುಮಟ್ಟಿಗೆ ಬಿಡಿಸಬಹುದು, ಏಕೆಂದರೆ ಮೂಗೆಲ್ಲಿ, ಪಾದವೆಲ್ಲಿ ಎಂಬುದು ಬೇರೆ ಬೇರೆಯಾಗಿ ಗೊತ್ತು. ಕಾಲೇಜು ವಿದ್ಯಾರ್ಥಿಗಳೂ ಇಳಿಸಿಕೊಂಡು ಬಳಸಬಹುದಾದ ಸಾಧನ ಇದು. ಆದರೆ ಕಲಿಸಿದ್ದನ್ನಷ್ಟೇ ಅದು ಕಲಿಯುತ್ತದೆ. ಹಗಲು ಬೆಳಕಿನ ಕಪ್ಪು ಇಲಿಯ ಮೇಲೆ ಕಲಿತದ್ದನ್ನು ಮಂದ ಬೆಳಕಿನ ಬಿಳಿ ಇಲಿಗೆ ಹಾಗೆಯೇ ಹಚ್ಚಿದರೆ ಬಾಲವನ್ನು ಮೂಗು ಎಂದೀತು.

ಹಾಗೆಂದು ಯಾರು ಬೇಕಾದರೂ ಇಲಿಗಳನ್ನು ತಂದು ಪ್ರಯೋಗ ಮಾಡುವಂತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು ಇದನ್ನು ನೋಡಿಕೊಳ್ಳುತ್ತದೆ. ಸಂಸ್ಥೆಗಳು ನೋಂದಾಯಿಸಿಕೊಂಡಿರಬೇಕು, ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಪಡೆದಿರಬೇಕು.

ಈಗ ಆ ಯಂತ್ರದ ವಿಡಿಯೊ

ಸ್ವಿಚ್ ಹಾಕಿದ ಕೂಡಲೇ ಇಲಿ ಓಡಿದ ವಿಡಿಯೊಗೆ ಮರಳೋಣ. ಅದರಲ್ಲಿ ಒಂದೇ ಇಲಿ, ಒಂದೇ ಸಲ, ಕೆಲವೇ ಸೆಕೆಂಡ್. ಸ್ವಿಚ್ ಹಾಕಲು ಬಂದ ಮನುಷ್ಯನನ್ನು ಕಂಡು ಓಡಿತೋ, ದೀಪಕ್ಕೆ ಬೆಚ್ಚಿತೋ, ಶಬ್ದಕ್ಕೋ? ಯಂತ್ರ ಇಟ್ಟು ಸ್ವಿಚ್ ಹಾಕದ ಇನ್ನೊಂದು ಕೋಣೆ ಎಲ್ಲಿದೆ? ನಾಲ್ಕನೆಯ ದಿನ ಅದೇ ಇಲಿ ಏನು ಮಾಡಿತು? ಪ್ರಯೋಗಾಲಯದಲ್ಲಿ ಇದನ್ನು ಅಳೆಯುವುದಾದರೆ ಶಬ್ದವಿರುವ ಮತ್ತು ಇಲ್ಲದ ಎರಡು ಜಾಗಗಳಲ್ಲಿ, ಕತ್ತಲಲ್ಲೂ ಕಾಣುವ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು, ಹಲವು ಇಲಿಗಳನ್ನು ಹಲವು ರಾತ್ರಿ ನೋಡುತ್ತಾರೆ.

ಇಲಿಗಳಿಗೆ ನಮಗೆ ಕೇಳದ ಶಬ್ದ ಕೇಳುತ್ತದೆ ಎಂಬುದು ನಿಜ. ಮನುಷ್ಯನ ಕಿವಿಯ ಮಿತಿ ಸುಮಾರು 20 ಕಿಲೊಹರ್ಟ್ಸ್. ಇಲಿಗಳು ಅಪಾಯದಲ್ಲಿ ಸುಮಾರು 22, ಖುಷಿಯಲ್ಲಿ ಸುಮಾರು 50 ಕಿಲೊಹರ್ಟ್ಸ್‌ನಲ್ಲಿ ಕೂಗುತ್ತವೆ. ಸುಳ್ಳು ಮಾತುಗಳು ಹೀಗೆ ಒಂದು ನಿಜದ ಮೇಲೆ ಕೂತು ಬಂದಾಗಲೇ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ. ಆದರೆ ಇಂಥ ಶಬ್ದ ಗಾಳಿಯಲ್ಲಿ ಬೇಗ ಕ್ಷೀಣಿಸುತ್ತದೆ, ಗೋಡೆ ದಾಟುವುದಿಲ್ಲ, ಚೀಲಗಳ ಹಿಂದೆ ತಲುಪುವುದಿಲ್ಲ. ತಲುಪಿದ ಕಡೆಯೂ ಇಲಿಗಳು ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತವೆ. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ 2001ರಲ್ಲಿಯೇ ಇಂಥ ಯಂತ್ರಗಳನ್ನು ತಯಾರಿಸುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಪತ್ರ ಬರೆದು, ವೈಜ್ಞಾನಿಕ ಆಧಾರವಿಲ್ಲದೆ ಹೀಗೆ ಹೇಳಿಕೊಳ್ಳಬೇಡಿ ಎಂದು ಎಚ್ಚರಿಸಿತ್ತು.

ಮೊಬೈಲ್ ಆ್ಯಪ್‌ಗಂತೂ ಇನ್ನೂ ಸರಳ ಉತ್ತರವಿದೆ. ಫೋನಿನಲ್ಲಿ ಶಬ್ದ ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಥವಾ 48,000 ಅಂಕಿಗಳಾಗಿ ಶೇಖರವಾಗಿರುತ್ತದೆ. ಆ ಅಂಕಿಯ ಅರ್ಧಕ್ಕಿಂತ ಎತ್ತರದ ಸ್ವರ ಅದರಲ್ಲಿ ಇರಲು ಸಾಧ್ಯವೇ ಇಲ್ಲ, ಅಂದರೆ ಸುಮಾರು 22 ಅಥವಾ 24 ಕಿಲೊಹರ್ಟ್ಸ್‌ಗೆ ಮುಗಿಯಿತು. ಅದೇ ಶಬ್ದ ವಿಡಿಯೊ ಆಗಿ ಫಾರ್ವರ್ಡ್ ಆಗುವಾಗ ಫೈಲನ್ನು ಕಿರಿದಾಗಿಸಲು ಮೊದಲು ಕತ್ತರಿಸುವುದು ಮೇಲಿನ ಸ್ವರಗಳನ್ನೇ. ಫೋನಿನ ಪುಟ್ಟ ಸ್ಪೀಕರ್ ತಯಾರಾಗಿರುವುದು ಮನುಷ್ಯರ ಮಾತಿಗೆ, ಹಾಡಿಗೆ.

ಗದ್ದೆಯಲ್ಲಿ ನೀವೇ ಅಳೆಯಬಹುದು

ಇಷ್ಟು ಹೇಳಿದ ಮೇಲೂ ‘ನಮ್ಮ ಪಕ್ಕದವರು ತಂದಿದ್ದಾರೆ, ಇಲಿ ಕಡಿಮೆಯಾಗಿದೆ’ ಎನ್ನುವವರು ಇರುತ್ತಾರೆ. ಇರಬಹುದು. ಕೊಯ್ಲು ಮುಗಿದರೆ, ಗದ್ದೆಗೆ ನೀರು ತುಂಬಿದರೆ ಇಲಿಗಳು ಹೇಗೂ ಜಾಗ ಬದಲಿಸುತ್ತವೆ. ಯಂತ್ರದಿಂದ ಕಡಿಮೆಯಾಯಿತೋ ಕಾಲದಿಂದಲೋ ಎಂದು ತಿಳಿಯಲು ಕ್ಯಾಮೆರಾ ಬೇಕಿಲ್ಲ. ಇಲಿ ನಿಯಂತ್ರಣದ ತಜ್ಞರು ಬಳಸುವ ಹಳೆಯ ಕ್ರಮವೊಂದು ಸಾಕು.

ಸಂಜೆ ಬದುವಿನ ಮೇಲಿನ ಎಲ್ಲ ಬಿಲಗಳ ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಎಷ್ಟು ಮುಚ್ಚಿದಿರಿ ಎಂದು ಬರೆದಿಡಿ. ಮರುದಿನ ಬೆಳಿಗ್ಗೆ ಎಷ್ಟು ಬಿಲ ಮತ್ತೆ ತೆರೆದಿವೆ ಎಂದು ಎಣಿಸಿ. ತೆರೆದವು ಮಾತ್ರ ಇಲಿ ವಾಸವಿರುವ ಬಿಲಗಳು. ಬಿಲಕ್ಕೆ ಬರಿಗೈ ಹಾಕಬೇಡಿ, ಹಾವಿರಬಹುದು, ಸಲಿಕೆ ಬಳಸಿ. ಮನೆ, ಗೋದಾಮಿನಲ್ಲಾದರೆ ಗೋಡೆ ಬದಿಯಲ್ಲಿ ತೆಳ್ಳಗೆ ಸುಣ್ಣದ ಪುಡಿ ಉದುರಿಸಿಟ್ಟು ಬೆಳಿಗ್ಗೆ ಹೆಜ್ಜೆ ಗುರುತು ನೋಡಬಹುದು.

ಯಂತ್ರವನ್ನೋ, ಫಾರ್ವರ್ಡ್‌ನಲ್ಲಿ ಬಂದ ಮನೆಮದ್ದನ್ನೋ ಪರೀಕ್ಷಿಸುವುದಾದರೆ ಈ ಎಣಿಕೆಯನ್ನು ಮೊದಲು ಒಮ್ಮೆ, ಒಂದು ವಾರ ಬಿಟ್ಟು ಒಮ್ಮೆ, ತಿಂಗಳ ನಂತರ ಇನ್ನೊಮ್ಮೆ ಮಾಡಿ. ಏನೂ ಮಾಡದ ಇನ್ನೊಂದು ಬದುವಿನ ಮೇಲೂ ಅದೇ ದಿನಗಳಲ್ಲಿ ಎಣಿಸಿ. ಅಲ್ಲಿಯೂ ಅಷ್ಟೇ ಕಡಿಮೆಯಾಗಿದ್ದರೆ ಅದು ಯಂತ್ರದ ಕೆಲಸವಲ್ಲ. ಬಿಲಗಳನ್ನು ಮುಚ್ಚುವವರು ಒಬ್ಬರಿರಲಿ, ಯಾವ ಬದು ಯಾವುದು ಎಂದು ತಿಳಿಯದ ಮತ್ತೊಬ್ಬರು ಬೆಳಿಗ್ಗೆ ಎಣಿಸಲಿ. ಮನೆಯ ಮಕ್ಕಳಿಗೆ ವಹಿಸಿದರೆ ಖುಷಿಯಿಂದ ಮಾಡುತ್ತಾರೆ, ಜೊತೆಗೆ ದೊಡ್ಡವರೊಬ್ಬರು ಇರಬೇಕು ಅಷ್ಟೇ. ವಿಷದ ಕಾಳು ಇಡುವ ವಿಷಯಕ್ಕೆ ಬಂದರೆ, ಒಮ್ಮೆ ತಿಂದು ಬದುಕಿದ ಇಲಿ ಆ ರುಚಿಯನ್ನು ಮತ್ತೆ ಮುಟ್ಟುವುದಿಲ್ಲ. ಆದ್ದರಿಂದ ಪ್ರಮಾಣ ಎಷ್ಟು, ಮೊದಲ ದಿನಗಳಲ್ಲಿ ವಿಷವಿಲ್ಲದ ಕಾಳನ್ನು ಎಷ್ಟು ದಿನ ಇಡಬೇಕು ಎಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದುಕೊಂಡೇ ಮಾಡಿ.